ಜಡೆ ಹೆಣೆಯುವ ಯಂತ್ರ

ಮನುಷ್ಯನ ಕೈಗೆಲಸಗಳಲ್ಲಿ ಯಾವುದನ್ನು ಯಂತ್ರವು ಸುಲಭವಾಗಿ ಕಲಿಯುವುದು, ಯಾವುದರ ಮುಂದೆ ಅದು ಸೋತು ನಿಲ್ಲುವುದು ಎಂಬುದನ್ನು ಮೊದಲೇ ಹೇಳುವುದು ಕಷ್ಟ. ಬೂಟಿನ ದಾರವನ್ನು ಹೆಣೆಯುವ ಯಂತ್ರವು ಹಗಲು ರಾತ್ರಿ ಎನ್ನದೆ ಮೈಲಿಗಟ್ಟಲೆ ದಾರವನ್ನು ಹೆಣೆದು ಹಾಕಬಲ್ಲುದು. ಆದರೆ ಶಾಲೆಗೆ ಹೊರಟ ಒಬ್ಬ ಬಾಲಿಕೆಯ ತಲೆಯ ಮೇಲೆ, ಆಕೆಯ ತಾಯಿ ಐದು ನಿಮಿಷಗಳಲ್ಲಿ ಹಾಕುವ ಮೂರು ಕಾಲಿನ ಜಡೆಯನ್ನು ಅಷ್ಟೇ ಹದವಾಗಿ ಹಾಕಿಕೊಡುವ ಯಂತ್ರವು ಇಂದಿಗೂ ಮನೆಮನೆಯ ವಸ್ತುವಾಗಿಲ್ಲ. ದಾರದ ಹೆಣಿಗೆಯೂ ಜಡೆಯ ಹೆಣಿಗೆಯೂ ನೋಟಕ್ಕೆ ಒಂದೇ. ಹಾಗಿದ್ದ ಮೇಲೆ ಒಂದು ಸುಲಭವೂ ಇನ್ನೊಂದು ಕಠಿನವೂ ಆದುದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಕುಮಾರಧಾರಾ ಮತ್ತು ಪಯಸ್ವಿನಿ ನದಿಗಳ ಸೀಮೆಯಲ್ಲಿವೆ. ಅಡಿಕೆ, ತೆಂಗು, ಭತ್ತಗಳನ್ನು ಬೆಳೆಯುತ್ತ ಬಂದ ಈ ನಾಡಿಗೆ ನಾರು, ಹುರಿ, ಹಗ್ಗಗಳು ಹೊಸವಲ್ಲ. ಇಲ್ಲಿಯ ಹಿರಿಯರಿಗೆ ‘ಮುಡಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಗೊತ್ತು. ಹೆಂಗಸರು ಕಟ್ಟುವ ತುರುಬು ಒಂದು ಮುಡಿ. ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಬೈಹುಲ್ಲಿನದೇ ಹಗ್ಗದಿಂದ ಬಿಗಿದ ಉರುಟು ಕಟ್ಟು ಇನ್ನೊಂದು ಮುಡಿ. ನಮ್ಮ ವಿಷಯದ ಅರ್ಧ ಭಾಗವು ಆ ಹುಲ್ಲಿನ ಹಗ್ಗದಲ್ಲಿಯೇ ಅಡಗಿದೆ.

ಹುರಿ ಬೇರೆ, ಹೆಣಿಗೆ ಬೇರೆ

ಬೈಹುಲ್ಲಿನ ಒಂದು ಕಡ್ಡಿಯು ಎರಡು ಮೂರು ಅಡಿಗಿಂತ ಉದ್ದವಿಲ್ಲ. ಆದರೆ ಅದರಿಂದ ಹೊಸೆದ ಹಗ್ಗವು ಬೇಕಾದಷ್ಟು ಉದ್ದವಾಗಬಲ್ಲುದು. ಹೊಸೆಯುವವನು ಒಂದು ಎಳೆ ತೀರುವ ಮುನ್ನವೇ ಇನ್ನೊಂದನ್ನು ಅದರ ಮಗ್ಗುಲಿಗೆ ಇಟ್ಟು ಹೊಸೆಯುತ್ತಾನೆ. ಅಲ್ಲಿ ಗಂಟೂ ಇಲ್ಲ, ಅಂಟೂ ಇಲ್ಲ. ಹಗ್ಗವನ್ನು ಎಳೆದಾಗ ಸುರುಳಿಯಾದ ಎಳೆಗಳು ಒಳಕ್ಕೆ ಒತ್ತಿಕೊಳ್ಳುತ್ತವೆ. ಒತ್ತಡ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. ಎಂದರೆ, ಎಳೆದಷ್ಟೂ ಹಗ್ಗವು ತನ್ನನ್ನು ತಾನೇ ಬಿಗಿಹಿಡಿಯುವುದು.

ಈ ಹಿಡಿತದ ಬಲವನ್ನು ಗಣಿತದಿಂದ ಅಳೆಯಬಹುದು. ಕಂಬಕ್ಕೆ ಸುತ್ತಿದ ಹಗ್ಗವನ್ನು ನೆನೆಯಿರಿ. ಘರ್ಷಣಾಂಕವು 0.3 ಆಗಿದ್ದರೆ, ಒಂದು ಪೂರ್ಣ ಸುತ್ತಿನಿಂದ ಒಂದು ಕಿಲೋಗ್ರಾಂ ಬಲವು ಸುಮಾರು ಆರೂವರೆ ಕಿಲೋಗ್ರಾಂ ಎಳೆತವನ್ನು ತಡೆಯುವುದು. ಎರಡು ಸುತ್ತಿಗೆ ಇದು ಇಮ್ಮಡಿಯಾಗುವುದಿಲ್ಲ. ಆರೂವರೆಯನ್ನು ಆರೂವರೆಯಿಂದ ಗುಣಿಸಿದಷ್ಟು, ಅಂದರೆ ನಲವತ್ತಕ್ಕಿಂತ ಹೆಚ್ಚಾಗುವುದು. ನಮ್ಮ ಹೆಂಗಸರು ಜಡೆಗೆ ಸೇರಿಸುವ ಚೌರಿಯು ಜಾರದೆ ನಿಲ್ಲುವುದರಲ್ಲಿಯೂ, ಹುಲ್ಲಿನ ಹಗ್ಗವು ಬಿಚ್ಚದೆ ಇರುವುದರಲ್ಲಿಯೂ ಕೆಲಸ ಮಾಡುವುದು ಈ ಒಂದೇ ನಿಯಮ.

ಹಗ್ಗಕ್ಕೆ ಇನ್ನೊಂದು ಗುಟ್ಟಿದೆ. ಎರಡು ಎಳೆಗಳನ್ನು ಮೊದಲು ಬೇರೆ ಬೇರೆಯಾಗಿ ಬಲಕ್ಕೆ ತಿರುಚಿ, ಅನಂತರ ಎರಡನ್ನೂ ಜೊತೆಗೂಡಿಸಿ ಎಡಕ್ಕೆ ತಿರುಚಬೇಕು. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ಯತ್ನಿಸುವುದು. ಆ ಯತ್ನವೇ ಜೊತೆಯ ಹುರಿಯನ್ನು ಬಿಗಿಮಾಡುವುದು. ಪೇಟೆಯಲ್ಲಿ ಸಿಕ್ಕುವ, ಬ್ಯಾಟರಿಯಿಂದ ನಡೆಯುವ ಕೇಶೋಪಕರಣಗಳಲ್ಲಿ ಹಲವು ಈ ಕೆಲಸವನ್ನೇ ಮಾಡುತ್ತವೆ. ಅವುಗಳಲ್ಲಿ ಎರಡು ಕೊಕ್ಕೆಗಳು ಎರಡು ಎಳೆಗಳನ್ನು ಒಂದು ದಿಕ್ಕಿಗೆ ತಿರುಚುವುವು. ಆಮೇಲೆ ಇಡೀ ತಲೆಭಾಗವು ವಿರುದ್ಧ ದಿಕ್ಕಿಗೆ ತಿರುಗುವುದು. ಆದರೆ ಹೀಗೆ ಆದುದು ಹುರಿಯೇ ಹೊರತು ಜಡೆಯಲ್ಲ. ಹುರಿಯಲ್ಲಿ ಎಳೆಗಳು ಒಂದೇ ದಿಕ್ಕಿಗೆ ಸುತ್ತುವುವು. ಜಡೆಯಲ್ಲಾದರೋ ಬಲಗಾಲು ನಡುಗಾಲನ್ನು ದಾಟಿ ಬರುವುದು, ಬಳಿಕ ಎಡಗಾಲು ದಾಟುವುದು, ಮತ್ತೆ ಬಲಗಾಲು. ಬಲದ ತಿರುವನ್ನು ಎಡದ ತಿರುವು ಸರಿದೂಗಿಸುವುದರಿಂದ ಜಡೆಯು ಸೊಟ್ಟಗಾಗದೆ ಚಪ್ಪಟೆಯಾಗಿ ಇಳಿಯುವುದು.

ಕೋಲಾಟದ ಹೆಜ್ಜೆಯಲ್ಲಿ ಯಂತ್ರ

ದಾಟುವ ಈ ಕ್ರಮವನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಕನ್ನಡ ನಾಡಿನ ಜನಪದ ಕಲೆಯಾದ ಜಡೆ ಕೋಲಾಟವನ್ನು ಕಂಡವರಿಗೆ ಉತ್ತರ ಹೊಳೆದೀತು. ಅದರಲ್ಲಿ ಎತ್ತರದಿಂದ ಹಲವು ಹಗ್ಗಗಳನ್ನು ಇಳಿಬಿಟ್ಟಿರುವರು. ಒಬ್ಬೊಬ್ಬ ಆಟಗಾರನ ಕೈಯಲ್ಲಿ ಒಂದೊಂದು ಹಗ್ಗ. ಅರ್ಧ ಜನ ಬಲಕ್ಕೂ ಅರ್ಧ ಜನ ಎಡಕ್ಕೂ ಸುತ್ತುತ್ತ, ಎದುರಾದವನನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟಿ ಹೋಗುವರು. ನೋಡನೋಡುತ್ತಿದ್ದಂತೆ ಮೇಲಿನಿಂದ ಜಡೆಯೊಂದು ಮೂಡಿ ಇಳಿಯುವುದು. ಹೆಜ್ಜೆಯನ್ನು ಹಿಂದುಮುಂದಾಗಿಸಿ ಆಡಿದರೆ ಜಡೆಯು ತಾನಾಗಿಯೇ ಬಿಚ್ಚಿಕೊಳ್ಳುವುದು. ಯುರೋಪಿನಲ್ಲಿಯೂ ವಸಂತೋತ್ಸವದ ಕಂಬದ ಸುತ್ತ ಪಟ್ಟಿಗಳನ್ನು ಹಿಡಿದು ಹೀಗೆಯೇ ಕುಣಿಯುವ ಪದ್ಧತಿಯುಂಟು. ಹೆಣಿಗೆಯ ಯಂತ್ರವನ್ನು ಇಂದಿಗೂ ಆ ಕಂಬದ ಹೆಸರಿನಿಂದಲೇ ಕರೆಯುವರು.

1748ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಥಾಮಸ್ ವಾಲ್ಫೋರ್ಡ್ ಎಂಬಾತನು ಇಂತಹ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ಶತಮಾನದ ಉತ್ತರಾರ್ಧದಿಂದ ಜರ್ಮನಿಯ ಬಾರ್ಮೆನ್ ಪಟ್ಟಣವು ಈ ಉದ್ಯಮದ ನೆಲೆಯಾಗಿ ಬೆಳೆಯಿತು. ಯಂತ್ರದ ರಚನೆ ಸರಳವಾದುದು. ನೂಲು ಸುತ್ತಿದ ಕಂಡಿಕೆಗಳೇ ಇಲ್ಲಿಯ ಆಟಗಾರರು. ಲೋಹದ ಹಲಗೆಯಲ್ಲಿ ಕೊರೆದ ಹಾವಿನ ಹಾದಿಯಂತಹ ಗಾಡಿಯೇ ಅವರ ರಂಗಸ್ಥಳ. ಗಾಡಿಯ ಕೆಳಗೆ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳಿದ್ದು, ಒಂದು ಚಕ್ರವು ಕಂಡಿಕೆಯನ್ನು ಅರ್ಧ ಸುತ್ತು ಒಯ್ದು ಮುಂದಿನ ಚಕ್ರಕ್ಕೆ ಒಪ್ಪಿಸುವುದು. ಮೂರು ಕಾಲಿನ ಚಪ್ಪಟೆ ಹೆಣಿಗೆಗೆ ಎರಡು ಚಕ್ರಗಳೂ, 8ರ ಅಂಕೆಯ ಆಕಾರದ ಒಂದು ಗಾಡಿಯೂ, ಅದರಲ್ಲಿ ಓಡುವ ಮೂರು ಕಂಡಿಕೆಗಳೂ ಸಾಕು. ಲಾಡಿ, ಬೂಟಿನ ದಾರ, ವಿದ್ಯುತ್ ತಂತಿಯ ಹೊದಿಕೆ, ನೀರಿನ ಕೊಳವೆಯ ಕವಚ ಇವೆಲ್ಲವೂ ಈ ತತ್ತ್ವದಿಂದಲೇ ಆಗುವುವು.

ತಲೆಯ ಬಳಿ ಬಂದಾಗ

ಇನ್ನು ಈ ಯಂತ್ರವನ್ನು ತಲೆಯ ಬಳಿಗೆ ತರೋಣ. ಮೊದಲನೆಯ ತೊಡಕು ಜಡೆಯ ತುದಿಯಲ್ಲಿಯೇ ಇದೆ. ಉದ್ದ ಕೂದಲಿಗೆ ಜಡೆ ಹಾಕಿದವರೆಲ್ಲರೂ ಬಲ್ಲರು: ಮೇಲೆ ಹೆಣೆಯುತ್ತ ಬಂದಂತೆ ಕೆಳಗಿನ ಸಡಿಲವಾದ ಕೂದಲು ತಾನಾಗಿ ಸಿಕ್ಕಾಗುತ್ತ ಹೋಗುವುದು. ಇದು ಕೂದಲಿನ ಹಟಮಾರಿತನವಲ್ಲ, ಗಣಿತದ ನಿಯಮ. 1925ರಲ್ಲಿ ಎಮಿಲ್ ಆರ್ಟಿನ್ ಎಂಬ ಗಣಿತಜ್ಞನು ಜಡೆಗಳ ಬೀಜಗಣಿತವನ್ನೇ ರಚಿಸಿದನು. ಅದರ ಪ್ರಕಾರ ಪ್ರತಿಯೊಂದು ಜಡೆಗೂ ಅದನ್ನು ಬಿಚ್ಚಿಬಿಡುವ ಪ್ರತಿಜಡೆಯೊಂದು ಇದ್ದೇ ಇರುವುದು. ಮೂರು ಎಳೆಗಳ ಎರಡೂ ತುದಿಗಳನ್ನು ಕಟ್ಟಿ, ಮೇಲ್ಭಾಗದಲ್ಲಿ ಹೆಣೆದರೆ ಕೆಳಭಾಗದಲ್ಲಿ ಅದರ ಪ್ರತಿಜಡೆಯು ಕನ್ನಡಿಯ ಬಿಂಬದಂತೆ ತಾನಾಗಿ ಮೂಡುವುದು. ಮೂರು ಬಣ್ಣದ ತೆಂಗಿನ ಹುರಿಗಳನ್ನು ತೆಗೆದುಕೊಂಡು ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಆರು ದಾಟುಗಳಾದ ಮೇಲೆ ಮೂರು ಬಣ್ಣಗಳೂ ಮೊದಲಿನ ಸ್ಥಾನಕ್ಕೆ ಬಂದಿರುವುದನ್ನೂ ಎಣಿಸಿ ತಿಳಿಯಬಹುದು.

ದಾರದ ಯಂತ್ರಕ್ಕೆ ಈ ತೊಡಕಿಲ್ಲ. ನೂಲೆಲ್ಲವೂ ಕಂಡಿಕೆಯ ಮೇಲೆ ಅಚ್ಚುಕಟ್ಟಾಗಿ ಸುತ್ತಿರುವುದರಿಂದ ಸಿಕ್ಕಾಗುವ ಬಾಲವೇ ಅಲ್ಲಿಲ್ಲ. ಕೂದಲಾದರೋ ಬುಡದಲ್ಲಿ ತಲೆಗೆ ನೆಟ್ಟಿದೆ, ತುದಿಯಲ್ಲಿ ತೆರೆದಿದೆ. ಅದನ್ನು ಮೊದಲು ಕಂಡಿಕೆಗೆ ಸುತ್ತಿ ಆಮೇಲೆ ಹೆಣೆಯಬಹುದು. ಆದರೆ ಸುತ್ತುವುದಕ್ಕೆ ತಗಲುವ ಹೊತ್ತು ಹೆಣೆಯುವ ಹೊತ್ತಿಗಿಂತ ಹೆಚ್ಚಾದರೆ ಯಂತ್ರದಿಂದ ಲಾಭವೇನು? ಕೈಯು ಈ ಸಮಸ್ಯೆಯನ್ನು ಬೆರಳುಗಳನ್ನು ಬಾಚಣಿಗೆಯಾಗಿಸಿ, ಆಗಾಗ ಕೆಳಕ್ಕೆಳೆದು ಪರಿಹರಿಸುವುದು.

ಎರಡನೆಯ ತೊಡಕು ಚೌರಿಯದು. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಆದರೆ ಅವೆಲ್ಲ ಒಂದೇ ಉದ್ದವಲ್ಲ. ಆದುದರಿಂದ ಜಡೆಯ ಕಾಲು ಕೆಳಗಿಳಿದಂತೆ ಸಣ್ಣಗಾಗುವುದು. ದಪ್ಪವು ಸಮನಾಗಿರಬೇಕಾದರೆ, ಹುಲ್ಲಿನ ಹಗ್ಗವನ್ನು ಹೊಸೆಯುವವನಂತೆ, ತೆಳುವಾದಲ್ಲಿ ತೆಳುವಾದಷ್ಟು ಸೇರಿಸುತ್ತ ಹೋಗಬೇಕು. ಅದಕ್ಕೂ ಒಂದು ದಿಕ್ಕುಂಟು. ಕೂದಲಿನ ಮೇಲ್ಮೈಯು ಮೀನಿನ ಮೈಯಂತೆ ಸೂಕ್ಷ್ಮ ಹೊರಪರೆಗಳಿಂದ ಕೂಡಿದ್ದು, ಪರೆಗಳ ಅಂಚು ತುದಿಯ ಕಡೆಗೆ ಮುಖಮಾಡಿರುವುದು. ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಒರಟು. ಬುಡ ತುದಿಗಳು ಅದಲುಬದಲಾಗಿ ಬೆರೆತ ಚೌರಿಯು ಬೇಗನೆ ಸಿಕ್ಕುಗಟ್ಟುವುದು. ಕೂದಲ ಸಂಸ್ಕರಣೆಗೆ ಹೆಸರಾದ ಕೊಪ್ಪಳದ ಸಮೀಪದ ಭಾಗ್ಯನಗರವು ನಮ್ಮ ರಾಜ್ಯದಲ್ಲಿದೆ. ಇಂತಹ ಉದ್ಯಮದಲ್ಲಿ ಕೂದಲನ್ನು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ಅಷ್ಟು ಬೆಲೆ ಬರುವುದರ ಕಾರಣ ಇದೇ.

ಎಳೆತದ ಎಲ್ಲೆ

ಮೂರನೆಯ ತೊಡಕೇ ಎಲ್ಲಕ್ಕಿಂತ ಗುರುತರವಾದುದು. ಒಂದು ಕೂದಲು ಸುಮಾರು 50ರಿಂದ 100 ಗ್ರಾಂ ಭಾರವನ್ನು ತಾಳಬಲ್ಲುದು. ತನ್ನ ದಪ್ಪಕ್ಕೆ ಹೋಲಿಸಿದರೆ ಇದು ಸಾಮಾನ್ಯ ಬಲವಲ್ಲ. ಆದರೆ ಕೂದಲು ತಾಳಿದುದನ್ನು ಅದರ ಬೇರು ತಾಳಲಾರದು. ಬಿಗಿಯಾದ ಎಳೆತವು ದಿನಗಟ್ಟಲೆ, ವರ್ಷಗಟ್ಟಲೆ ಮುಂದುವರಿದರೆ ಹಣೆಯಂಚಿನ ಕೂದಲು ಉದುರುವುದು. ಎಳೆತವು ಬೇಗ ನಿಂತರೆ ಮತ್ತೆ ಬೆಳೆಯುವುದು, ನಿಲ್ಲದಿದ್ದರೆ ಬೇರೇ ಸತ್ತು ಆ ಜಾಗವು ಶಾಶ್ವತವಾಗಿ ಬೋಳಾಗುವುದು. ಕೂದಲನ್ನು ಬಿಗಿದು ಕಟ್ಟುತ್ತಿದ್ದ ಗ್ರೀನ್‌ಲೆಂಡಿನ ಸ್ತ್ರೀಯರಲ್ಲಿ ವೈದ್ಯರು ಇದನ್ನು 1907ರಲ್ಲಿಯೇ ಗುರುತಿಸಿದ್ದರು. ಭಾರವಾದ ಚೌರಿಯಿಂದ ಈ ಅಪಾಯವು ಹೆಚ್ಚುವುದು.

ತಾಯಿಯ ಕೈಗೆ ಎಳೆತದ ಅಳತೆ ಗೊತ್ತು. ಮಗಳು ಮುಖ ಕಿವುಚಿದ ಕೂಡಲೇ ಬೆರಳು ಸಡಿಲವಾಗುವುದು. ಯಂತ್ರಕ್ಕೆ ಆ ಅರಿವನ್ನು ಕೊಡಬೇಕಾದರೆ ಎಳೆತವನ್ನು ಅಳೆಯುವ ಸಂವೇದಕವೂ, ಎಲ್ಲೆ ಮೀರಿದೊಡನೆ ಜಾರಿಬಿಡುವ ಹಿಡಿಯೂ ಬೇಕು. ಆದುದರಿಂದ ಬುಡದ ಕೆಲವು ಹೆಣಿಗೆಗಳನ್ನು ಕೈಗೇ ಬಿಟ್ಟು, ಕೆಳಗಿನ ಉದ್ದವನ್ನು ಮಾತ್ರ ಯಂತ್ರಕ್ಕೆ ವಹಿಸುವುದು ವಿವೇಕದ ದಾರಿ.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. ಒಂದು ಜಡೆಗೆ ಯಂತ್ರ ಬೇಕಿಲ್ಲ, ನಿಜ. ಆದರೆ ಆಫ್ರಿಕದಲ್ಲಿಯೂ ಆಫ್ರಿಕ ಮೂಲದ ಜನರಲ್ಲಿಯೂ ತಲೆತುಂಬ ಸಣ್ಣ ಜಡೆಗಳನ್ನು ಚೌರಿ ಸೇರಿಸಿ ಹೆಣೆಯುವ ಸಂಪ್ರದಾಯವಿದೆ. ನೂರು ಜಡೆಗಳು, ಒಂದೊಂದೂ 60 ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರಿಗೆ ಒಂದು ದಾಟು ಎಂದಿಟ್ಟುಕೊಳ್ಳಿ. ಒಟ್ಟು 12,000 ದಾಟುಗಳಾದುವು. ಕ್ಷಣಕ್ಕೊಂದರಂತೆ ಮಾಡಿದರೂ ಮೂರು ಗಂಟೆ ಇಪ್ಪತ್ತು ನಿಮಿಷ. ಭಾಗ ಮಾಡುವ, ಚೌರಿ ಸೇರಿಸುವ ಹೊತ್ತು ಇದರಲ್ಲಿ ಸೇರಿಲ್ಲ. ಅದನ್ನು ದಿನದಿನವೂ ಮಾಡಿ ಜೀವನ ನಡೆಸುವ ಹೆಂಗಸರ ಬೆರಳು, ಮಣಿಕಟ್ಟು, ಬೆನ್ನುಗಳ ಗತಿಯೇನು? ಜಡೆಯ ಯಂತ್ರವು ಅಲಂಕಾರದ ಆಟಿಕೆಯಲ್ಲ, ದುಡಿಯುವವರ ಕೈಗೆ ವಿಶ್ರಾಂತಿ ಕೊಡಬೇಕಾದ ಸಾಧನ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುವುದು.

ಅಡಿಕೆಯ ನಾಡಿಗೆ ಇಂತಹ ಸಮಸ್ಯೆ ಅಪರಿಚಿತವಲ್ಲ. ಅಡಿಕೆ ಸುಲಿಯುವುದೂ ಒಂದು ಕಾಲದಲ್ಲಿ ಪೂರ್ತಿ ಕೈಯ ಕೆಲಸವೇ ಆಗಿತ್ತು. ಒಂದು ಕಾಯಿಯಂತೆ ಇನ್ನೊಂದಿಲ್ಲ. ಸಿಪ್ಪೆ ಹೋಗಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ಮರ ಹತ್ತುವ ಸಾಧನದ ಕಥೆಯೂ ಇದೇ: ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಕಾಂಡವನ್ನು ಅದು ಬಿಗಿಯಾಗಿ ಹಿಡಿಯಬೇಕು, ಆದರೆ ನೋಯಿಸಬಾರದು. 2023ರಲ್ಲಿ ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ನಡೆದ ಕೃಷಿ ಯಂತ್ರ ಮೇಳದಂತಹ ಸಂದರ್ಭಗಳಲ್ಲಿ ಜನರು ನೋಡಲು ಬರುವುದು ಈ ಬಗೆಯ ಸಾಧನಗಳನ್ನೇ. ಒಂದೇ ಸಮನಲ್ಲದ, ಸಜೀವವಾದ, ನೋವನ್ನೋ ಗಾಯವನ್ನೋ ತಾಳಲಾರದ ವಸ್ತುವನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆಯೇ ಅಡಿಕೆಯಲ್ಲಿಯೂ ಇದೆ, ಜಡೆಯಲ್ಲಿಯೂ ಇದೆ.

ದಾಟುವ ಕ್ರಮವನ್ನು ಯಂತ್ರವು ಇನ್ನೂರೆಪ್ಪತ್ತು ವರ್ಷಗಳ ಹಿಂದೆಯೇ ಕಲಿತಿದೆ. ಸಿಕ್ಕು ಬಿಡಿಸುವುದನ್ನೂ, ಎಳೆ ಸೇರಿಸುವುದನ್ನೂ, ಎಳೆತವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅದಕ್ಕೆ ಚೆನ್ನಾಗಿ ಕಲಿಸುವ ಕೆಲಸ ಉಳಿದಿದೆ. ವಿಜ್ಞಾನದ ವಿದ್ಯಾರ್ಥಿಗಳು ಮೂರು ಹುರಿಗಳು, ಒಂದು ಕೊಕ್ಕೆ, ಒಂದು ಸ್ಪ್ರಿಂಗ್ ತ್ರಾಸು ಇವಿಷ್ಟರಿಂದ ಈ ಕೆಲಸದ ಮೊದಲ ಪಾಠವನ್ನು ತಮ್ಮ ಶಾಲೆಯಲ್ಲಿಯೇ ಪ್ರಾರಂಭಿಸಬಹುದು.