ಆನ್‌ಲೈನ್ ತರಬೇತಿ ಅರ್ಧಕ್ಕೆ ನಿಲ್ಲದಿರಲು: ವಯಸ್ಕರ ಕಲಿಕೆಯ ತತ್ವಗಳು

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಚುನಾಯಿತ ಪ್ರತಿನಿಧಿಗಳಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಮುಖಾಮುಖಿಯಾಗಿಯೂ ಉಪಗ್ರಹ ಆಧಾರಿತವಾಗಿಯೂ ತರಬೇತಿ ನೀಡುತ್ತಾ ಬಂದಿದೆ. ಇಂದು ಮೊಬೈಲ್‌ನಲ್ಲಿಯೂ ಪಾಠ ಕೇಳಬಹುದು. ಆದರೆ ಆನ್‌ಲೈನ್ ತರಗತಿಗೆ ಸೇರಿದವರೆಲ್ಲರೂ ಕೊನೆಯವರೆಗೆ ಉಳಿಯುವುದಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊರತೆಯು ನಿಜವಾದ ಅಡಚಣೆಯೇ. ಆದರೆ ಗೋಪಾಳದಂತಹ ನಗರ ಬಡಾವಣೆಯಲ್ಲಿ ಸಂಪರ್ಕವಿದ್ದರೂ ಕಲಿಕೆಯನ್ನು ನಡುವೆ ಬಿಡುವವರಿದ್ದಾರೆ. ಆದ್ದರಿಂದ ಕಾರಣವನ್ನು ಪಾಠದ ಸ್ವರೂಪದಲ್ಲಿಯೂ ಹುಡುಕಬೇಕಾಗುತ್ತದೆ.

ವಯಸ್ಕರು ಮಕ್ಕಳಂತೆ ಕಲಿಯುವುದಿಲ್ಲವೆಂಬುದನ್ನು ಅಮೆರಿಕದ ಶಿಕ್ಷಣ ಚಿಂತಕ ಮಾಲ್ಕಮ್ ನೋಲ್ಸ್ (1913–1997) ವಿವರವಾಗಿ ಪ್ರತಿಪಾದಿಸಿದರು. ಅವರ ವಿಚಾರಗಳಲ್ಲಿ ನಮಗೆ ಮುಖ್ಯವಾದವು ನಾಲ್ಕು.

1. ಅಗತ್ಯದ ಅರಿವು: ಏಕೆ ಕಲಿಯಬೇಕೆಂಬುದು ಮೊದಲೇ ತಿಳಿದಿರಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಪಡಿಸಲಾಯಿತು. ಇದನ್ನರಿಯದೆ ಕ್ರಿಯಾಯೋಜನೆ ಚರ್ಚಿಸಲಾಗದು ಎಂದು ಮನಗಂಡವರು ಆ ಪಾಠವನ್ನು ಬಿಡಲಾರರು.

2. ಅನುಭವ: ತಮ್ಮ ವಾರ್ಡಿನಲ್ಲಿ ಯಾವ ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತುವುದೆಂದು ಸದಸ್ಯರು ಬಲ್ಲರು. ಪಾಠವು ಆ ತಿಳಿವಳಿಕೆಯಿಂದಲೇ ಆರಂಭವಾಗಬೇಕು.

3. ಸ್ವಯಂ ನಿರ್ಧಾರ: ಅಡಿಕೆ ಕೊಯ್ಲು, ಹಾಲು ಕರೆಯುವ ಹೊತ್ತು, ಮನೆಗೆಲಸ ಇವುಗಳ ನಡುವೆ ದೀರ್ಘ ಉಪನ್ಯಾಸ ಕೇಳುವುದು, ವಿಶೇಷವಾಗಿ ಮಹಿಳಾ ಸದಸ್ಯರಿಗೆ, ಕಷ್ಟಸಾಧ್ಯ. ಪಾಠಗಳು ಚಿಕ್ಕದಾಗಿರಬೇಕು, ಸಮಯದ ಆಯ್ಕೆ ಕಲಿಯುವವರದಾಗಿರಬೇಕು.

4. ತಕ್ಷಣದ ಬಳಕೆ: ಇಂದು ಕಲಿತದ್ದು ಮುಂದಿನ ಸಭೆಯಲ್ಲಿ ಉಪಯೋಗಕ್ಕೆ ಬರುವಂತಿರಬೇಕು.

ಇವುಗಳನ್ನು ಅನುಸರಿಸಲು ಹೆಚ್ಚಿನ ವೆಚ್ಚ ಬೇಕಿಲ್ಲ. ಸಾಮಾನ್ಯ ಸಭೆಯ ವಿಷಯಸೂಚಿಗೆ ಹೊಂದುವ ಒಂದು ಪಾಠವನ್ನು ಆರಿಸಿ, ಸದಸ್ಯರು ಒಪ್ಪಿದ ಹೊತ್ತಿನಲ್ಲಿ ಅರಿವು ಕೇಂದ್ರದಲ್ಲಿ ಒಟ್ಟಾಗಿ ವೀಕ್ಷಿಸಬಹುದು. ಪಾಠಕ್ಕೆ ಮುನ್ನ ಪ್ರತಿಯೊಬ್ಬರೂ ತಮ್ಮ ವಾರ್ಡಿನ ಒಂದು ಸಮಸ್ಯೆಯನ್ನು ಹೇಳಲಿ. ಓದಲು ಕಷ್ಟಪಡುವವರೂ ಇದರಿಂದ ಹಿಂದೆ ಉಳಿಯುವುದಿಲ್ಲ. ಪಾಠದ ನಂತರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಳ್ಳಬೇಕು. ಬಾರದವರನ್ನು ಜೊತೆಯ ಸದಸ್ಯರೇ ವಿಚಾರಿಸುವುದು ಒಳಿತು. ಮನೆಯಲ್ಲಿದ್ದುಕೊಂಡೇ ಪದವಿ ಓದುತ್ತಿರುವ ನಿಮ್ಮೂರಿನ ಯುವಜನರಿಗೂ ಇಂತಹ ಕೂಟ ನೆರವಾದೀತು.

ತರಬೇತಿ ಪೂರ್ಣಗೊಳ್ಳದಿದ್ದರೆ ನಷ್ಟವಾಗುವುದು ಪ್ರಮಾಣಪತ್ರವಷ್ಟೇ ಅಲ್ಲ. ಅರ್ಥವಾಗದ ಠರಾವಿಗೆ ಕೈ ಎತ್ತಿದರೆ ಅದರ ಫಲವನ್ನು ವಾರ್ಡಿನ ಜನರೇ ಅನುಭವಿಸಬೇಕಾಗುತ್ತದೆ. ಆದುದರಿಂದ ಮುಂದಿನ ಸಭೆಗೆ ಮುನ್ನ ಕನಿಷ್ಠ ಒಂದು ಪಾಠವನ್ನಾದರೂ ಒಟ್ಟಾಗಿ ಪೂರ್ಣಗೊಳಿಸಲು ಮಾನ್ಯ ಸದಸ್ಯರಲ್ಲಿ ಕೋರಿದೆ.