ಡೈನೋಸಾರನ ಬಾಲ, ಮುಡುಮಾಲದ ಕಲ್ಲು

ಹೊಟ್ಟೆ ಹಸಿದ ವಾನರವೊಂದು ಹಾವು ಹಿಡಿದು ತಿನ್ನಲು ನೀರಿನ ದಡಕ್ಕೆ ಬರುತ್ತದೆ. ಅಲ್ಲಿ ಉದ್ದಕ್ಕೆ ಬಿದ್ದುಕೊಂಡಿದ್ದನ್ನು ಹಾವೆಂದೇ ತಿಳಿದು ಗಬಕ್ಕನೆ ಹಿಡಿದು ಜಗ್ಗುತ್ತದೆ. ಅದು ಹಾವಲ್ಲ, ಡೈನೋಸಾರನ ಬಾಲ. ಮುಂದೆ ನಡೆಯುವ ಗುದ್ದಾಟದಲ್ಲಿ ವಾನರ ಸತ್ತು ಬೀಳುತ್ತದೆ, ಡೈನೋಸಾರ ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ. ಆ ಹೊತ್ತಿಗೆ ಥಿಯೋಫಿಲಸ್ ಐವರಿಹೆಡ್ ಎಂಬ ಪೀಚಲು ಆಳು ಅಲ್ಲಿಗೆ ಬಂದು, ಸತ್ತ ಪ್ರಾಣಿಯ ಪಕ್ಕದಲ್ಲಿ ವೀರನಂತೆ ನಿಂತುಬಿಡುತ್ತಾನೆ. ಊರೆಲ್ಲ ಅವನೇ ಕೊಂದನೆಂದು ನಂಬುತ್ತದೆ. ಮೂವರು ಗಂಡಸರು ಹಿಂದೆ ಬಿದ್ದಿದ್ದ ಅರಮಿಂಟಾ ರಾಕ್‌ಫೇಸ್ ಎಂಬ ಹುಡುಗಿಯೂ ಅವನಿಗೇ ಒಲಿಯುತ್ತಾಳೆ.

ಐದಾರು ನಿಮಿಷದ ಈ ಮೂಕಿ ಚಿತ್ರದ ಹೆಸರು ‘ದಿ ಡೈನೋಸಾರ್ ಆ್ಯಂಡ್ ದಿ ಮಿಸ್ಸಿಂಗ್ ಲಿಂಕ್’. ಅಮೆರಿಕದ ವಿಲ್ಲಿಸ್ ಓಬ್ರಿಯನ್ ಇದನ್ನು 1915ರಲ್ಲಿ ಮಾಡಿದರು. ಥಾಮಸ್ ಎಡಿಸನ್ ಅವರ ಕಂಪನಿ ಕೊಂಡುಕೊಂಡು 1917ರಲ್ಲಿ ಬಿಡುಗಡೆ ಮಾಡಿತು. ಓಬ್ರಿಯನ್ ಅದಕ್ಕೂ ಮೊದಲು ಅಮೃತಶಿಲೆ ಕೆತ್ತುವ ಅಂಗಡಿಯಲ್ಲಿ ಕೆಲಸ ಮಾಡಿದ್ದವರು. ಅಲ್ಲಿ ಬಿಡುವಿನಲ್ಲಿ ಜೇಡಿಮಣ್ಣಿನ ಬಾಕ್ಸರ್‌ಗಳನ್ನು ಮಾಡಿ ಆಡಿಸುತ್ತಿದ್ದಾಗ, ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು ಫೋಟೊ ತೆಗೆದರೆ ಮಣ್ಣಿಗೂ ಜೀವ ಬರುತ್ತದೆ ಎಂಬುದು ಹೊಳೆಯಿತು. ಆ ಕಾಲದ ಚಿತ್ರ ಸೆಕೆಂಡಿಗೆ ಸುಮಾರು 16 ಫ್ರೇಮಿನಂತೆ ಓಡುತ್ತಿತ್ತು. ಐದು ನಿಮಿಷದ ಚಿತ್ರ ಎಂದರೆ 4,800 ಫ್ರೇಮು. ಅಷ್ಟು ಸಲ ಡೈನೋಸಾರನ ಕತ್ತು, ವಾನರನ ಕೈ, ಹುಡುಗಿಯ ತಲೆ ಇವನ್ನೆಲ್ಲ ಬೆರಳಿನಿಂದ ಸರಿಸಿದ ಮನುಷ್ಯನ ತಾಳ್ಮೆ ದೊಡ್ಡದು. ಇದೇ ಓಬ್ರಿಯನ್ ಮುಂದೆ 1933ರಲ್ಲಿ ‘ಕಿಂಗ್ ಕಾಂಗ್’ ಎಂಬ ದೈತ್ಯ ವಾನರನನ್ನು ಜಗತ್ತಿಗೆ ಕೊಟ್ಟರು.

ಆದಿಮಾನವರ ಮೇಲಿನ ನಗೆಚಿತ್ರಗಳಿಗೆ ಆ ದಶಕ ಸುಗ್ಗಿಯ ಕಾಲ. 1914ರಲ್ಲಿ ವಿನ್ಸರ್ ಮೆಕೇ ‘ಗರ್ಟಿ’ ಎಂಬ ಹೆಣ್ಣು ಡೈನೋಸಾರನ್ನು ಬರೆದು ಕುಣಿಸಿದರು. ಅಕ್ಕಿ ಕಾಗದದ ಮೇಲೆ ಸಾವಿರಾರು ಚಿತ್ರಗಳು, ಪ್ರತಿ ಹಾಳೆಯಲ್ಲೂ ಬಂಡೆ, ಮರ, ಕೆರೆ ಮತ್ತೆ ಮತ್ತೆ. ಗರ್ಟಿಯ ಹೊಟ್ಟೆ ಉಸಿರಾಟಕ್ಕೆ ಏರಿಳಿಯುವುದು ಸಹಜವಾಗಿರಲೆಂದು ಮೆಕೇ ತಮ್ಮದೇ ಉಸಿರನ್ನು ಗಡಿಯಾರ ಹಿಡಿದು ಅಳೆದುಕೊಂಡಿದ್ದರು. ಅದೇ ವರ್ಷ ಚಾರ್ಲಿ ಚಾಪ್ಲಿನ್ ಚರ್ಮ ಸುತ್ತಿಕೊಂಡು ಗವಿಮಾನವನಾದರು. ಆ ಸುಗ್ಗಿ ಮುಂದೆಯೂ ನಿಲ್ಲಲಿಲ್ಲ. 1939ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ಡ್ಯಾಫಿ ಡಕ್ ಆ್ಯಂಡ್ ದಿ ಡೈನೋಸಾರ್’ ಬಂತು. ಅದರಲ್ಲಿ ಕ್ಯಾಸ್ಪರ್ ಎಂಬ ಗವಿಮಾನವ ನಾಯಿಯಂತೆ ಸಾಕಿದ ಡೈನೋಸಾರನ್ನು ಕರೆದುಕೊಂಡು ಬಾತುಕೋಳಿ ಬೇಟೆಗೆ ಹೊರಡುತ್ತಾನೆ. ಡ್ಯಾಫಿ ರಬ್ಬರಿನ ದೈತ್ಯ ಬಾತುಕೋಳಿಗೆ ಗಾಳಿ ತುಂಬಿ ನಿಲ್ಲಿಸುತ್ತದೆ, ಕ್ಯಾಸ್ಪರ್ ಚುಚ್ಚುತ್ತಾನೆ, ಢಂ! ಮರುಕ್ಷಣ ಮೂವರೂ ರೆಕ್ಕೆ ಹಚ್ಚಿಕೊಂಡು ಮೋಡದ ಮೇಲೆ. ಟೆಕ್ಸ್ ಆವರಿಯ ‘ದಿ ಫಸ್ಟ್ ಬ್ಯಾಡ್ ಮ್ಯಾನ್’ 1955ರದು. ಹತ್ತು ಲಕ್ಷ ವರ್ಷದ ಹಿಂದೆ ಟೆಕ್ಸಾಸಿನಲ್ಲಿ ಡೈನೋಸಾರ್ ಏರಿ ದರೋಡೆ ಮಾಡುವವನ ಕಥೆ ಅದು. 1960ರಲ್ಲಿ ಶುರುವಾದ ‘ದಿ ಫ್ಲಿಂಟ್‌ಸ್ಟೋನ್ಸ್’ ಮನೆಮನೆಗೆ ಹೋಯಿತು. ಕಾಲಿನಿಂದ ತಳ್ಳಿಕೊಂಡು ಓಡಿಸುವ ಮರದ ಕಾರು, ಹಕ್ಕಿಯ ಕೊಕ್ಕೇ ಗ್ರಾಮೋಫೋನಿನ ಮುಳ್ಳು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಕೇಬಲ್ ತಂತಿ ಮುಟ್ಟಿದ ಕಡೆಯೆಲ್ಲ ನಮ್ಮ ಮಕ್ಕಳಿಗೂ ಆದಿಮಾನವ ಎಂದರೆ ಇದೇ ಮುಖ ಆಯಿತು.

ಈ ಚಿತ್ರಗಳ ನಗೆಯ ಗುಟ್ಟೆಲ್ಲ ಭಾರದಲ್ಲಿದೆ. ಬಂಡೆ ಅಂಚಿನಲ್ಲಿ ಓಲಾಡಬೇಕು, ನೋಡುವವರ ಉಸಿರು ಒಂದು ಗಳಿಗೆ ನಿಲ್ಲಬೇಕು, ಕೆಳಗಿದ್ದವನು ತಲೆ ಎತ್ತಿ ನೋಡಬೇಕು, ಆಮೇಲೇ ಅದು ಬೀಳಬೇಕು. ಬೇಗ ಬಿದ್ದರೆ ನಗು ಹುಟ್ಟುವುದಿಲ್ಲ, ತಡವಾದರೂ ಹುಟ್ಟುವುದಿಲ್ಲ. ಕಾಗದದ ಮೇಲಿನ ಗೆರೆಗೆ ತೂಕ ತರುವುದು ಬಲು ಕಷ್ಟದ ವಿದ್ಯೆ. ಗರ್ಟಿ ಕಾಲಿಟ್ಟಾಗ ಅವಳ ಮೈಭಾರ ನೋಡುವವರಿಗೆ ತಾಗುವುದರಿಂದಲೇ ನೂರು ವರ್ಷ ದಾಟಿದರೂ ಅವಳು ಹಳಬಳಾಗಿಲ್ಲ.

ಬೀಳುವ ಕಲ್ಲಿನ ಭಾರವನ್ನು ಕಾರ್ಟೂನುಗಳು ಇಷ್ಟು ಚೆನ್ನಾಗಿ ಅರಿತಿವೆ. ಆದರೆ ಅದೇ ಭಾರವನ್ನು ಎತ್ತಿ ನಿಲ್ಲಿಸಿದ ಜನರ ಕಥೆ ಅವುಗಳಲ್ಲಿ ಇಲ್ಲ. ಅದನ್ನು ನೋಡಲು ಕೃಷ್ಣಾ ನದಿಯ ದಂಡೆಗೆ ಬರಬೇಕು.

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದು ಶಕ್ತಿನಗರದ ಹತ್ತಿರ ಹೊಳೆ ದಾಟಿದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಸೀರೆಯಿಂದ ಹೆಸರಾದ ನಾರಾಯಣಪೇಟೆ, ಅದರ ದಕ್ಷಿಣಕ್ಕೆ ಮಕ್ತಲ್, ಇನ್ನೂ ಕೆಳಗೆ ಕೃಷ್ಣೆಯ ಆಚೆ ಗದ್ವಾಲ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಗೇ ಸೇರಿದ್ದವು. ಮಕ್ತಲ್ ಕಡೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಅಲ್ಲಿವೆ. ಇದೇ ಮಂಡಲದಲ್ಲಿ, ಹೊಳೆಯ ಮಗ್ಗುಲಿಗೆ, ಮುಡುಮಾಲ ಎಂಬ ಹಳ್ಳಿ ಇದೆ.

ಊರ ಪಕ್ಕದ ಬಯಲಲ್ಲಿ ಸುಮಾರು 80 ಎಕರೆಯಷ್ಟು ಜಾಗದಲ್ಲಿ ಕಲ್ಲುಗಳು ಹರಡಿಕೊಂಡಿವೆ. ಅವುಗಳಲ್ಲಿ ಸುಮಾರು 80 ಕಲ್ಲುಗಳು ಎರಡಾಳು ಎತ್ತರ, ಹತ್ತರಿಂದ ಹದಿನಾಲ್ಕು ಅಡಿ. ಜತೆಗೆ ಸಾಲುಸಾಲಾಗಿ ಇಟ್ಟ ಸಣ್ಣ ಗುಂಡುಗಳು ಸುಮಾರು ಮೂರು ಸಾವಿರ. ಇವುಗಳ ವಯಸ್ಸು ಮೂರೂವರೆಯಿಂದ ನಾಲ್ಕು ಸಾವಿರ ವರ್ಷ ಎಂದು ಅಂದಾಜು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಗಲು ರಾತ್ರಿ ಸಮನಾಗುವ ದಿನಗಳಲ್ಲಿ ಮತ್ತು ಅಯನ ಬದಲಾಗುವ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಕೆಲವು ಸಾಲುಗಳು ನೇರವಾಗಿ ಹೊಂದುತ್ತವೆ ಎಂಬುದು ಅವರ ಅಧ್ಯಯನದ ಮುಖ್ಯ ಮಾತು. ಒಂದು ಕಲ್ಲಿನ ಮೇಲೆ ಬಟ್ಟಲಿನಂಥ ಸಣ್ಣ ಗುಳಿಗಳನ್ನು ಕೊರೆದಿದ್ದಾರೆ. ಅವುಗಳಲ್ಲಿ ಕೆಲವು ಸಪ್ತರ್ಷಿ ಮಂಡಲದ ಆಕಾರದಲ್ಲೇ ಕೂತಿವೆ ಎಂದು ರಾವ್ ಗುರುತಿಸಿದರು. ಬಿತ್ತನೆಯ ಹದ, ಮಳೆಯ ದಿನ ಲೆಕ್ಕ ಹಾಕಬೇಕಾದ ಜನರಿಗೆ ಸೂರ್ಯನ ನಡೆ ತಿಳಿದಿರುವುದು ಬಾಳಿನ ಪ್ರಶ್ನೆಯೇ ಆಗಿತ್ತು.

ಒಂದು ಕಲ್ಲನ್ನೇ ತೆಗೆದುಕೊಳ್ಳೋಣ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ದಪ್ಪ ಎಂದಿಟ್ಟುಕೊಂಡರೆ 144 ಘನ ಅಡಿ. ಗ್ರಾನೈಟಿನ ಲೆಕ್ಕದಲ್ಲಿ ಹತ್ತು ಟನ್ನಿಗೂ ಮೇಲೆ. ಕ್ರೇನಿಲ್ಲ, ಕಬ್ಬಿಣದ ಸರಪಳಿಯಿಲ್ಲ. ಇಂಥ ಕಲ್ಲನ್ನು ನಿಲ್ಲಿಸುವ ರೀತಿ ಜಗತ್ತಿನ ಬೇರೆ ಬೇರೆ ಕಡೆಯ ನಿಲುವುಗಲ್ಲುಗಳಿಂದ ತಿಳಿದುಬಂದಿದೆ. ಮೊದಲು ಗುಂಡಿ ತೋಡಬೇಕು, ಅದರ ಒಂದು ಬದಿ ಇಳಿಜಾರಾಗಿರಬೇಕು. ಕಲ್ಲಿನ ಬುಡವನ್ನು ಇಳಿಜಾರಿನಲ್ಲಿ ಜಾರಿಸಿ ಗುಂಡಿಗೆ ಕೂರಿಸಬೇಕು. ಆಮೇಲೆ ತಲೆಗೆ ಹಗ್ಗ ಬಿಗಿದು ಒಂದು ಕಡೆಯಿಂದ ಜನ ಜಗ್ಗುತ್ತಿದ್ದರೆ, ಇನ್ನೊಂದು ಕಡೆಯಿಂದ ಮರದ ದಿಮ್ಮಿಯಲ್ಲಿ ಮೀಟಿ, ಎದ್ದಷ್ಟು ಎತ್ತರಕ್ಕೆ ಅಡಿಯಲ್ಲಿ ಕಲ್ಲು ಮಣ್ಣು ತುಂಬುತ್ತ ಬರಬೇಕು. ನೆಟ್ಟಗಾದ ಮೇಲೆ ಬುಡದ ಸುತ್ತ ಗುಂಡು ಬಿಗಿದು ಧಮ್ಮಸು ಹಾಕಬೇಕು. ಹಗ್ಗ ಹಿಡಿದವರು, ಮೀಟುವವರು, ಕೂಗಿ ತಾಳ ಕೊಡುವವರು ಒಂದೇ ಗಳಿಗೆಗೆ ಕೈ ಸೇರಿಸದಿದ್ದರೆ ಹತ್ತು ಟನ್ನು ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಇಂಥದು ಒಂದಲ್ಲ, ಎಂಬತ್ತು. ದೊಣ್ಣೆ ಹಿಡಿದು ಒಬ್ಬರ ತಲೆಗೆ ಒಬ್ಬರು ಬಾರಿಸುವ ಗವಿಮಾನವರಿಂದ ಆಗುವ ಕೆಲಸವಲ್ಲ ಇದು. ಊಟ ಒದಗಿಸುವವರು, ಮುಂದಾಳು, ಲೆಕ್ಕ ಬಲ್ಲವರು, ಮಾತು ಕೇಳುವ ದೊಡ್ಡ ಬಳಗ ಇವೆಲ್ಲ ಇದ್ದ ಸಮಾಜ ಅದು.

ಇನ್ನು ಡೈನೋಸಾರ್. ಅವು ಅಳಿದು 6.6 ಕೋಟಿ ವರ್ಷ ಆಯಿತು. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು ಮೂರು ಲಕ್ಷ ವರ್ಷ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವುದು ಸಿನಿಮಾದಲ್ಲಿ ಮಾತ್ರ. ತೆಲಂಗಾಣದ ನೆಲದಲ್ಲಿ ಡೈನೋಸಾರ್ ಇದ್ದದ್ದಂತೂ ನಿಜ. ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ಸಿಕ್ಕ ಜುರಾಸಿಕ್ ಕಾಲದ ಎಲುಬುಗಳಿಗೆ ‘ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್’ ಎಂಬ ಹೆಸರಿದೆ. ಜೋಡಿಸಿದ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನೋಡಬಹುದು. ಮಕ್ತಲ್ ಕಡೆಯ ಬಂಡೆಗಳಲ್ಲಿ ಅಂಥದ್ದನ್ನು ಹುಡುಕಿ ಫಲವಿಲ್ಲ. ಅವು 250 ಕೋಟಿ ವರ್ಷಕ್ಕೂ ಹಳೆಯವು, ಪ್ರಾಣಿಗಳೇ ಹುಟ್ಟಿರದ ಕಾಲದವು.

ಈ ಸೀಮೆಯ ನಿಜವಾದ ಪ್ರಾಣಿ ದನ. ಅದಕ್ಕೆ ಸಾಕ್ಷಿ ಹಿಂದಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬ. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅದನ್ನು ಅಗೆದರು. ಅದು ಜ್ವಾಲಾಮುಖಿಯ ಬೂದಿಯಲ್ಲ, ದನದ ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು ಬೆಳೆದ ದಿಬ್ಬ ಎಂದು ಅವರು ತೋರಿಸಿಕೊಟ್ಟರು. ಮರದ ಕಂಬಗಳ ಬೇಲಿಯ ಗುರುತು ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಆ ದೊಡ್ಡಿಯಲ್ಲಿ ತುಳಿದಾಡಿದ ದನಗಳ ಗೊರಸಿನ ಅಚ್ಚು, ಸೀಳಿದ ಎರಡು ಬೆರಳುಗಳ ಸಮೇತ, ನೆಲದಲ್ಲಿ ಹಾಗೇ ಉಳಿದಿತ್ತು. ದನಗಳನ್ನು ಬೆಂಕಿಯ ಮೇಲೆ ಹಾಯಿಸುವ ನಮ್ಮ ಹಬ್ಬದ ಪದ್ಧತಿಗಳಿಗೂ ಆ ಬೆಂಕಿಗೂ ನಂಟಿರಬಹುದು ಎಂದು ಆಲ್ಚಿನ್ ಯೋಚಿಸಿದರು. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸುವ ಮೈಸೂರು ಸೀಮೆಯ ಓದುಗರಿಗೆ ಈ ಮಾತು ಹತ್ತಿರದ್ದೆನಿಸೀತು.

ಆದಿಮಾನವರನ್ನು ಕಲ್ಪಿಸಿಕೊಳ್ಳಲು ನಮ್ಮವರು ಹಾಲಿವುಡ್ಡಿಗೆ ಕಾಯಲಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಕಲ್ಲುಮನೆಗಳನ್ನು ಜನ ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಕುಳ್ಳಗಿದ್ದ ಹಿಂದಿನ ಕಾಲದವರು ಎಂಬ ನಂಬಿಕೆ ಇದೆ. ಮುಡುಮಾಲದಲ್ಲಿ ಈ ಕಲ್ಲುಗಳಿಗೆ ನಿಲುರಾಳ್ಳ ತಿಮ್ಮಪ್ಪ ಎಂದು ಕೈ ಮುಗಿಯುತ್ತಾರೆ, ಒಂದು ಕಲ್ಲಿಗೆ ಎಲ್ಲಮ್ಮ ಎಂದು ಪೂಜೆ ನಡೆಯುತ್ತದೆ. ಗೊತ್ತಿಲ್ಲದ ಪೂರ್ವಿಕರನ್ನು ನೋಡಿ ನಗುವ ಬದಲು ಅವರ ಕೆಲಸಕ್ಕೆ ತಲೆಬಾಗಿದ ಈ ಕಲ್ಪನೆಗೆ ಒಂದು ಘನತೆ ಇದೆ. ಇಷ್ಟು ಕಾಲ ಈ ಕಲ್ಲುಗಳನ್ನು ಕಾಯ್ದುಕೊಂಡು ಬಂದಿರುವುದರಲ್ಲಿ ಆ ಭಕ್ತಿಯ ಪಾಲು ದೊಡ್ಡದೆಂದೇ ಹೇಳಬೇಕು.

ಹಾಗೆಂದು ನಗೆ ಬೇಡವೆಂದಲ್ಲ. ಹತ್ತು ಟನ್ನಿನ ಕಲ್ಲು, ಜಗ್ಗಲೊಲ್ಲದೆ ಮೊಂಡು ಹಿಡಿದ ಎತ್ತು, ತಪ್ಪು ತಾಳ ಕೂಗುವ ಮುಂದಾಳು, ನೆಟ್ಟಗೆ ನಿಂತಿತೆಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮೆಲ್ಲಗೆ ಪಕ್ಕಕ್ಕೆ ವಾಲುವ ಕಲ್ಲು, ಇದಕ್ಕಿಂತ ಒಳ್ಳೆಯ ಕಾರ್ಟೂನ್ ಸರಕು ಇನ್ನೇನಿದೆ? ಥಿಯೋಫಿಲಸ್ ಮಾಡದ ಕೆಲಸಕ್ಕೆ ಹೆಸರು ಹೊಡೆದುಕೊಂಡ. ಮುಡುಮಾಲದವರು ಇಷ್ಟೆಲ್ಲ ಮಾಡಿಯೂ ಒಬ್ಬರ ಹೆಸರನ್ನೂ ಬಿಟ್ಟುಹೋಗಲಿಲ್ಲ. ಅವರ ಮುಖ ಬರೆಯುವ, ಅವರಿಗೆ ಮಾತು ಕೊಡುವ ಕೆಲಸ ಈ ನೆಲದ ಕಲಾವಿದರಿಗೆ ಕಾದಿದೆ.

ಅದಕ್ಕೆ ಈಗ ಒಳ್ಳೆಯ ಹೊತ್ತು. 2025ರ ಮಾರ್ಚ್‌ನಲ್ಲಿ ಮುಡುಮಾಲದ ನಿಲುವುಗಲ್ಲುಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಹಿರೇಬೆಣಕಲ್ 2021ರಲ್ಲೇ ಆ ಪಟ್ಟಿ ಸೇರಿದೆ. ಪಟ್ಟಿಯಲ್ಲಿ ಕನಿಷ್ಠ ಒಂದು ವರ್ಷ ಇದ್ದ ಮೇಲೆ ಅಂತಿಮ ಪ್ರಸ್ತಾವ ಸಲ್ಲಿಸಬಹುದು. ಎತ್ತರದ ಕಲ್ಲುಗಳ ಬಗ್ಗೆ ಎಲ್ಲರ ಗಮನವೂ ಇದೆ. ಆದರೆ ಸಣ್ಣ ಗುಂಡುಗಳ ಸಾಲುಗಳೂ ಸೂರ್ಯನ ಲೆಕ್ಕ ಹೇಳುತ್ತವೆ. ಒಂದು ಗುಂಡನ್ನು ಬದುವಿಗೆ ಎತ್ತಿಟ್ಟರೂ ಸಾಲು ಕೆಡುತ್ತದೆ. ಅವುಗಳಿಗೂ ಬೇಲಿ, ನಕ್ಷೆ, ಕಾವಲು ಬೇಕು; ಕನ್ನಡದಲ್ಲೂ ತೆಲುಗಿನಲ್ಲೂ ಫಲಕ ಬೇಕು.

ಈ ಕಥೆಯನ್ನು ಕಾರ್ಟೂನ್ ಮಾಡುವುದರಲ್ಲಿ ಮಕ್ಕಳಿಗೂ ಪಾಲಿದೆ, ಅದಕ್ಕೆ ದೊಡ್ಡ ಸ್ಟುಡಿಯೊ ಏನೂ ಬೇಕಾಗಿಲ್ಲ. ಓಬ್ರಿಯನ್ ಮೊದಲು ಮಾಡಿ ತೋರಿಸಿದ ಪ್ರಯೋಗದ ತುಣುಕು ತೀರ ಚಿಕ್ಕದು. ಕೃಷ್ಣಾ ಮಂಡಲದ ಯಾವುದೇ ಶಾಲೆಯಲ್ಲಿ ಎರೆಮಣ್ಣಿನ ಎತ್ತು, ಹೊಳೆದಂಡೆಯ ಬೆಣಚುಕಲ್ಲು, ಅಲುಗಾಡದಂತೆ ನಿಲ್ಲಿಸಿದ ಒಂದು ಮೊಬೈಲ್ ಇಷ್ಟಿದ್ದರೆ ಸಾಕು. ಸೆಕೆಂಡಿಗೆ 12 ಫೋಟೊದಂತೆ ಒಂದು ನಿಮಿಷಕ್ಕೆ 720 ಫೋಟೊ; ಒಂದು ತರಗತಿಯ ಮಕ್ಕಳು ಪಾಳಿ ಹಾಕಿಕೊಂಡರೆ ಕೆಲವೇ ದಿನಗಳಲ್ಲಿ ಮುಗಿಯುವ ಕೆಲಸ.