ಅರಸನ ನಾಡು, ಹೊರಗಿನ ಗೆಳೆಯರು

ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್‌ಗಳ ನಡುವಿನ ಪುಟ್ಟ ದೇಶ ಸ್ವಾಜಿಲ್ಯಾಂಡ್. ಜನಸಂಖ್ಯೆ ಸುಮಾರು 12 ಲಕ್ಷ. 2018ರಲ್ಲಿ ಅಲ್ಲಿನ ದೊರೆ ಮೂರನೆಯ ಮಸ್ವಾಟಿ ದೇಶದ ಹೆಸರನ್ನೇ ಎಸ್ವಾಟಿನಿ ಎಂದು ಬದಲಿಸಿದರು. ಹೊರಗಿನ ಪತ್ರಿಕೆಗಳಲ್ಲಿ ಈ ದೇಶದ ಸುದ್ದಿ ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಒಂದು, ದೊರೆಗೆ ಎಷ್ಟು ಮಂದಿ ರಾಣಿಯರು ಎಂಬ ಲೆಕ್ಕ, ಇನ್ನೊಂದು, ಸಾವಿರಾರು ಕನ್ಯೆಯರು ಜೊಂಡು ಹಿಡಿದು ಕುಣಿಯುವ ವಾರ್ಷಿಕ ಉತ್ಸವ. ಈ ಸಡಗರದ ಚಿತ್ರಗಳ ಹಿಂದೆ ಐವತ್ತು ವರ್ಷ ದಾಟಿದ ಒಂದು ಹೋರಾಟವಿದೆ.

1968ರ ಸೆಪ್ಟೆಂಬರ್ 6ರಂದು ಬ್ರಿಟಿಷರಿಂದ ಸ್ವತಂತ್ರವಾದಾಗ ಈ ದೇಶಕ್ಕೊಂದು ಸಂವಿಧಾನವಿತ್ತು, ಪಕ್ಷಗಳಿದ್ದವು. 1972ರ ಚುನಾವಣೆಯಲ್ಲಿ ವಿರೋಧ ಪಕ್ಷವೊಂದು ಗೆದ್ದದ್ದು ಮೂರೇ ಸ್ಥಾನ. ಅರಮನೆಗೆ ಅಷ್ಟೂ ಸಹನೆಯಾಗಲಿಲ್ಲ. 1973ರ ಏಪ್ರಿಲ್ 12ರಂದು ದೊರೆ ಎರಡನೆಯ ಸೊಭೂಜಾ ಸಂವಿಧಾನವನ್ನು ರದ್ದುಗೊಳಿಸಿ, ಪಕ್ಷಗಳನ್ನು ನಿಷೇಧಿಸಿ, ಸಕಲ ಅಧಿಕಾರವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಪಕ್ಷಗಳು ಪರದೇಶದ ಸರಕು, ನಮ್ಮ ಸಂಪ್ರದಾಯಕ್ಕೆ ಒಗ್ಗುವುದಿಲ್ಲ ಎಂಬುದು ಅರಮನೆಯ ವಾದ. ಬದಲಿಗೆ ಬಂದದ್ದು ‘ಟಿಂಖುಂಡ್ಲಾ’ ಪದ್ಧತಿ. ಅಭ್ಯರ್ಥಿಗಳು ತಮ್ಮ ಊರಿನಿಂದ ಒಬ್ಬಂಟಿಗಳಾಗಿ ನಿಲ್ಲಬೇಕು. ಪ್ರಧಾನಿಯನ್ನು ನೇಮಿಸುವವರು ದೊರೆ. 2005ರ ಹೊಸ ಸಂವಿಧಾನವೂ ಈ ಕಟ್ಟನ್ನು ಸಡಿಲಿಸಲಿಲ್ಲ. 1983ರಲ್ಲಿ ಗುಟ್ಟಾಗಿ ಹುಟ್ಟಿದ ‘ಪುಡೆಮೊ’ ಎಂಬ ಪಕ್ಷವನ್ನು 2008ರಲ್ಲಿ ಭಯೋತ್ಪಾದಕ ಸಂಘಟನೆ ಎಂದೇ ಸಾರಲಾಯಿತು.

ಒಳಗೆ ಬಾಯಿ ಕಟ್ಟಿದಾಗ ಜನ ಹೊರಗಿನ ಗೆಳೆಯರನ್ನು ಅರಸುವುದು ಸಹಜ. ಆಗ ಅರಮನೆಯ ಉತ್ತರವೂ ಸಿದ್ಧವಾಗಿರುತ್ತದೆ: ಇದು ವಿದೇಶಿ ಕೈವಾಡ! ಆದರೆ ಅರಮನೆಗೂ ಹೊರಗಿನ ಗೆಳೆಯರು ಇದ್ದೇ ಇದ್ದರು. 1982ರಲ್ಲಿ ಅದು ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದೊಡನೆ ರಹಸ್ಯ ಭದ್ರತಾ ಒಪ್ಪಂದ ಮಾಡಿಕೊಂಡಿತ್ತು.

ವರ್ಣಭೇದ ಅಳಿದ ಮೇಲೆ ಅದೇ ದಕ್ಷಿಣ ಆಫ್ರಿಕಾದಿಂದ ಸ್ವಾಜಿ ಜನರಿಗೆ ಬೆಂಬಲ ಬಂತು. ಅಲ್ಲಿನ ಕಾರ್ಮಿಕ ಒಕ್ಕೂಟ ‘ಕೊಸಾಟು’ ಗಡಿ ಠಾಣೆಗಳ ಬಳಿ ಹಲವು ಬಾರಿ ರಸ್ತೆ ತಡೆ ನಡೆಸಿತು. ದೂರದ ಡೆನ್ಮಾರ್ಕ್‌ನಲ್ಲಿ, ವರ್ಣಭೇದ ವಿರೋಧಿ ಚಳವಳಿಯಿಂದ ಬೆಳೆದ ‘ಆಫ್ರಿಕಾ ಕಾಂಟ್ಯಾಕ್ಟ್’ ಸಂಸ್ಥೆ ಸ್ವಾಜಿ ಪ್ರಜಾಪ್ರಭುತ್ವದ ಪರ ದನಿಯೆತ್ತಿತು. 2011ರಲ್ಲಿ ಎಸ್ವಾಟಿನಿಯ ಬೊಕ್ಕಸ ಬರಿದಾದಾಗ ದಕ್ಷಿಣ ಆಫ್ರಿಕಾ 240 ಕೋಟಿ ರ‍್ಯಾಂಡ್ ಸಾಲ ಕೊಡಲು ಮುಂದಾಯಿತು. ಸುಧಾರಣೆಯ ಷರತ್ತಿಲ್ಲದೆ ಕೊಡಕೂಡದು ಎಂದು ಕಾರ್ಮಿಕರು ಪಟ್ಟು ಹಿಡಿದರು. ಷರತ್ತುಗಳ ಚೌಕಾಸಿಯಲ್ಲೇ ಆ ಸಾಲ ನಿಂತುಹೋಯಿತು.

ನಿಜವಾದ ಇಕ್ಕಟ್ಟು ಎದುರಾದದ್ದು 2014ರಲ್ಲಿ. ಆಫ್ರಿಕಾದ ಬಡ ದೇಶಗಳ ಸರಕಿಗೆ ಸುಂಕ ವಿನಾಯಿತಿ ನೀಡುವ ‘ಅಗೋವಾ’ ಎಂಬ ಕಾಯ್ದೆ ಅಮೆರಿಕದಲ್ಲಿತ್ತು. ಕಾರ್ಮಿಕ ಸಂಘಗಳ ಹಕ್ಕನ್ನು ಮಾನ್ಯ ಮಾಡದ್ದಕ್ಕಾಗಿ 2015ರ ಜನವರಿ 1ರಿಂದ ಈ ದೇಶಕ್ಕೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಲಾಯಿತು. ಪೆಟ್ಟು ಬಿದ್ದದ್ದು ಯಾರಿಗೆ? ಅಮೆರಿಕಕ್ಕೆ ಉಡುಪು ಹೊಲಿಯುತ್ತಿದ್ದ ಕಾರ್ಖಾನೆಗಳಿಗೆ. ಅಲ್ಲಿ ಕೂಲಿ ನಂಬಿ ಬದುಕುತ್ತಿದ್ದ, ಬಹುಪಾಲು ಹೆಂಗಸರಿಗೆ. ಕೆಲಸ ಹೋದದ್ದು ಅವರದ್ದು. ಅರಮನೆಯ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ. ಹಾಗೆಂದು ಈ ಕ್ರಮ ಪೂರ್ತಿ ವ್ಯರ್ಥವಾಯಿತೆನ್ನಲೂ ಆಗದು. 2015ರಲ್ಲಿ ಕಾರ್ಮಿಕರ ಮಹಾಸಂಘಕ್ಕೆ ಮಾನ್ಯತೆ ಸಿಕ್ಕಿತು, 2017ರಲ್ಲಿ ಕೆಲವು ಕಠಿಣ ಕಾನೂನುಗಳು ತಿದ್ದುಪಡಿಯಾದವು, 2018ರಲ್ಲಿ ವಿನಾಯಿತಿ ಮರಳಿತು. ಗಳಿಕೆಯೂ ನಿಜ, ಅದಕ್ಕೆ ತೆತ್ತ ಬೆಲೆಯೂ ನಿಜ. ಬೆಲೆ ತೆತ್ತವರು ಮಾತ್ರ ಹೊರಗಿನವರಲ್ಲ.

ಹೊರಗೆ ಹೋಗಿ ಮಾತಾಡಿದವರ ಪಾಡೂ ಅಷ್ಟೇ. 2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿದ್ದ ಒಬ್ಬ ಕಾರ್ಮಿಕ ನಾಯಕ ಮತ್ತು ಒಬ್ಬ ವಕೀಲರು ಮರಳಿದಾಗ ಅವರ ಕತ್ತು ಹಿಸುಕಬೇಕು ಎಂಬ ಅರ್ಥದ ಮಾತನ್ನು ಅಂದಿನ ಪ್ರಧಾನಿಯೇ ಸಂಸತ್ತಿನಲ್ಲಿ ಆಡಿದ್ದು ವರದಿಯಾಯಿತು.

ಗಡಿ ತಡೆಯಷ್ಟು ಸದ್ದು ಮಾಡದ ಇನ್ನೊಂದು ಬಗೆಯ ಬೆಂಬಲವಿದೆ: ನ್ಯಾಯಾಲಯದಲ್ಲಿ ಹೋಗಿ ಕೂರುವುದು. ನ್ಯಾಯಾಂಗವನ್ನು ಟೀಕಿಸಿ ಬರೆದದ್ದಕ್ಕಾಗಿ ವಕೀಲ ಥುಲಾನಿ ಮಸೆಕೊ ಮತ್ತು ಪತ್ರಿಕಾ ಸಂಪಾದಕ ಭೇಕಿ ಮಖುಬು 2014ರಲ್ಲಿ ಎರಡು ವರ್ಷದ ಶಿಕ್ಷೆಗೆ ಗುರಿಯಾದರು. ಹೊರದೇಶಗಳ ವಕೀಲರ ಸಂಸ್ಥೆಗಳು ಪ್ರಕರಣದ ಮೇಲೆ ಕಣ್ಣಿಟ್ಟವು. 2015ರ ಜೂನ್ 30ರಂದು ಮೇಲ್ಮನವಿ ವಿಚಾರಣೆಗೆ ಬಂದಾಗ ಸರ್ಕಾರಿ ವಕೀಲರೇ ಆ ತೀರ್ಪನ್ನು ಸಮರ್ಥಿಸಲಾಗದು ಎಂದು ಒಪ್ಪಿಕೊಂಡರು, ಇಬ್ಬರೂ ಬಿಡುಗಡೆಯಾದರು.

ಆದರೆ ಈ ಕಾವಲು ಎಲ್ಲರನ್ನೂ ಉಳಿಸುವುದಿಲ್ಲ. 2021ರ ಮಧ್ಯದಲ್ಲಿ ಎದ್ದ ಪ್ರತಿಭಟನೆಯಲ್ಲಿ ಕನಿಷ್ಠ 46 ಮಂದಿ ಸತ್ತರೆಂದು ದೇಶದ ಮಾನವ ಹಕ್ಕು ಆಯೋಗವೇ ಲೆಕ್ಕ ಕೊಟ್ಟಿತು. ಆ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಬಂದು ರಾಷ್ಟ್ರೀಯ ಸಂವಾದಕ್ಕೆ ದೊರೆಯನ್ನು ಒಪ್ಪಿಸಿ ಹೋದರು. ಆ ಸಂವಾದಕ್ಕಾಗಿ ಒತ್ತಾಯಿಸುತ್ತಿದ್ದ ವೇದಿಕೆಯ ಅಧ್ಯಕ್ಷರಾಗಿದ್ದ ಮಸೆಕೊ ಅವರನ್ನು 2023ರ ಜನವರಿ 21ರ ರಾತ್ರಿ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಪ್ರಜಾಪ್ರಭುತ್ವ ಬೇಕೆಂದ ಇಬ್ಬರು ಸಂಸದರಿಗೆ 2024ರಲ್ಲಿ 25 ಮತ್ತು 18 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಹೊರಗಿನ ಗೆಳೆಯರು ರಾಜ್ಯವನ್ನು ಬದಲಿಸಲಾರರು. ಅದು ಆ ನೆಲದವರ ಕೆಲಸ. ಏನು ಬೇಕೆಂದು ಕೇಳುವ ಹಕ್ಕೂ ಬೆಲೆ ತೆರುವ ಆ ಜನರದೇ. ಹೊರಗಿನವರು ಮಾಡಬಹುದಾದದ್ದು, ಅವರು ಕೇಳಿದಾಗ ಜೊತೆ ನಿಲ್ಲುವುದು, ಮತ್ತು ಸೆರೆಮನೆ ಸೇರಿದವರ ಹೆಸರು ಮರೆಯಾಗದಂತೆ ನೋಡಿಕೊಳ್ಳುವುದು. ದೊಡ್ಡ ರಾಷ್ಟ್ರಗಳ ನಕ್ಷೆಯಲ್ಲಿ ಚುಕ್ಕೆಯಂತೆ ಕಾಣುವ ನಾಡಿಗೆ ಈ ನೆನಪು ಸಣ್ಣ ಸಹಾಯವಲ್ಲ.